ಬಿಡಿ ಸಂಚಿಕೆಯಿಂದ ಇಡಿ ಗ್ರಂಥಕ್ಕೆ

ಅಮೆರಿಕದ ಡಿಸಿ ಪ್ರಕಾಶನಸಂಸ್ಥೆಯು 1993ರ ಆರಂಭದಲ್ಲಿ ‘ವರ್ಟಿಗೋ’ ಎಂಬ ಹೆಸರಿನಿಂದ, ಪ್ರೌಢ ಓದುಗರಿಗಾಗಿ ಎಂದು ಮುಖಪುಟದಲ್ಲಿಯೇ ಸಾರಿ ಹೊರಡಿಸಿದ ಚಿತ್ರಕಥಾಮಾಲೆಯು 2020ರ ಆದಿಯಲ್ಲಿ ಮುಚ್ಚಿಹೋಯಿತು. ಆ ಹೆಸರನ್ನು ಮತ್ತೆ ಎತ್ತಿಕೊಳ್ಳುವುದಾಗಿ ಸಂಸ್ಥೆ 2024ರಲ್ಲಿ ಘೋಷಿಸಿತು. ಈ ಅವಧಿಯುದ್ದಕ್ಕೂ ಮಾಲೆಯ ಅಭಿಮಾನಿಗಳು ಎಲ್ಲಿ ಇಬ್ಬರು ಕೂಡಿದರೂ ಏಳುವ ವಾಗ್ವಾದವೊಂದಿದೆ. ಯಾವ ಸಂಚಿಕೆಯಿಂದ ಸಂಪುಟವನ್ನು ಆರಂಭಿಸಬೇಕಾಗಿತ್ತು, ಮೂಲದ ಬಣ್ಣವನ್ನು ಉಳಿಸಿದ್ದಾರೋ ತಿದ್ದಿದ್ದಾರೋ, ಕಾಗದ ನುಣುಪಾದದ್ದೋ ಒರಟಾದದ್ದೋ, ಪುಟಗಳನ್ನು ಹೊಲಿದಿದ್ದಾರೋ ಬರಿಯ ಅಂಟು ಹಚ್ಚಿ ಬಿಟ್ಟಿದ್ದಾರೋ, ಎರಡು ಪುಟಗಳಗಲಕ್ಕೆ ಹರಡಿದ ಚಿತ್ರದ ನಡುಭಾಗವನ್ನು ಬೆನ್ನುಕಟ್ಟು ನುಂಗಿಹಾಕಿದೆಯೋ ಇಲ್ಲವೋ ಎಂದು ಮುಂತಾಗಿ ಸಾಗುವ ಆ ಮಾತುಕತೆಯು ಹೊರಗಿನವರಿಗೆ ಕೆಲಸವಿಲ್ಲದವರ ಹರಟೆಯಾಗಿ ಕೇಳಿಸುವುದು ಸಹಜ. ನನ್ನ ಅಭಿಪ್ರಾಯ ಬೇರೆ. ಪ್ರಕಾಶಕರು ತಾವಾಗಿ ಮಾಡಬೇಕಾಗಿದ್ದು ಅರ್ಧಕ್ಕೆ ಬಿಟ್ಟ ಗ್ರಂಥಸಂಪಾದನೆಯ ಕೆಲಸವನ್ನು ಈ ಅಭಿಮಾನಿಗಳು ಸಂಬಳವಿಲ್ಲದೆ ಮಾಡುತ್ತಿದ್ದಾರೆ. ಅವರ ಮಾತಿಗೆ ಸಕಾಲದಲ್ಲಿ ಕಿವಿಗೊಟ್ಟಿದ್ದರೆ ಆ ಮಾಲೆಯ ಕೃತಿಗಳು ಇಂದಿಗಿಂತ ಪೂರ್ಣವಾಗಿಯೂ ಅಗ್ಗವಾಗಿಯೂ ನಮ್ಮ ಕೈಗೆ ಸಿಗುತ್ತಿದ್ದುವು.

ಚಿತ್ರಕಥೆಯೆಂದೊಡನೆ ನಮ್ಮವರಿಗೆ ಮಕ್ಕಳ ನೆನಪಾಗುತ್ತದೆ. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರು 1967ರಲ್ಲಿ ‘ಅಮರ ಚಿತ್ರಕಥೆ’ಯನ್ನು ತೊಡಗಿದಾಗ ಅವರ ಕಣ್ಣೆದುರಿಗಿದ್ದವರು ಪುರಾಣೇತಿಹಾಸಗಳ ಪರಿಚಯ ತಪ್ಪಿಹೋಗುತ್ತಿದ್ದ ಬಾಲಕ ಬಾಲಿಕೆಯರೇ ಆಗಿದ್ದುದರಿಂದ ಆ ಭಾವನೆ ಇನ್ನಷ್ಟು ಗಟ್ಟಿಯಾಯಿತು. ಅಮೆರಿಕದಲ್ಲಾದರೋ ಚಿತ್ರಕಥೆಯನ್ನು ಬಾಲಲೋಕದಲ್ಲಿ ಕಟ್ಟಿಹಾಕಿದ್ದು ಭಯ. ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯರು ಬಾಲಾಪರಾಧಗಳಿಗೆ ಚಿತ್ರಕಥೆಗಳೇ ಪ್ರೇರಕವೆಂದು ವಾದಿಸುವ ಗ್ರಂಥವನ್ನು 1954ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಸರ್ಕಾರದ ಕೈ ತಮ್ಮ ಮೇಲೆ ಬೀಳುವ ಮೊದಲೇ ಪ್ರಕಾಶಕರಲ್ಲಿ ಹೆಚ್ಚಿನವರು ಒಂದುಗೂಡಿ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯನ್ನು ತಮ್ಮ ಕೊರಳಿಗೆ ತಾವೇ ಬಿಗಿದುಕೊಂಡರು. ರಕ್ತಪಿಶಾಚಿಗಳು ಬರಕೂಡದು, ಅಪರಾಧಿಗೆ ಶಿಕ್ಷೆಯಾಗದೆ ಕಥೆ ಮುಗಿಯಕೂಡದು, ಅಧಿಕಾರಸ್ಥರ ಮೇಲಣ ಗೌರವಕ್ಕೆ ಕುಂದು ತಟ್ಟಕೂಡದು ಎಂಬಂಥ ವಿಧಿನಿಷೇಧಗಳನ್ನು ಪಾಲಿಸಿದ ಸಂಚಿಕೆಗೆ ಮಾತ್ರ ಸಮ್ಮತಿಯ ಮುದ್ರೆ. ಆ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗೆ ಒಯ್ದುಹಾಕುವ ಸಗಟು ವ್ಯಾಪಾರಿ ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಹೀಗೆ ಮೂವತ್ತು ವರ್ಷ ಕಳೆಯಿತು.

ಆ ಬಿಗಿಯನ್ನು ಸಡಿಲಿಸಿದವರಲ್ಲಿ ಮುಖ್ಯರು ಆಲನ್ ಮೂರ್ ಎಂಬ ಇಂಗ್ಲಿಷ್ ಲೇಖಕರು. ‘ಸ್ವಾಂಪ್ ಥಿಂಗ್’ ಎಂಬ, ವಿಶೇಷ ಮಾರಾಟವಿಲ್ಲದೆ ಕುಂಟುತ್ತಿದ್ದ ಡಿಸಿಯ ಮಾಸಿಕದ 20ನೆಯ ಸಂಚಿಕೆಯಿಂದ ಅವರು ಬರೆಯತೊಡಗಿದರು. ಆಲೆಕ್ ಹಾಲೆಂಡ್ ಎಂಬ ವಿಜ್ಞಾನಿ ಬೆಂಕಿಗೆ ಸಿಕ್ಕಿ, ಜೌಗುನೆಲಕ್ಕೆ ಬಿದ್ದು, ಸಸ್ಯರೂಪಿಯಾದ ವಿಕಾರಪುರುಷನಾಗಿ ಮೇಲೆದ್ದು, ತನ್ನ ಮನುಷ್ಯತ್ವವನ್ನು ಮರಳಿ ಪಡೆಯಲು ತೊಳಲುತ್ತಾನೆಂಬುದು ಅದುವರೆಗಿನ ಕಥೆ. 20ನೆಯ ಸಂಚಿಕೆಯ ಕೊನೆಯಲ್ಲಿ ಆ ಜೀವಿ ಗುಂಡಿಗೆ ಬಲಿಯಾಗುತ್ತದೆ. 21ನೆಯದರಲ್ಲಿ ಅದರ ಹೆಪ್ಪುಗಟ್ಟಿಸಿದ ದೇಹವನ್ನು ವುಡ್ರೂ ಎಂಬ ಸಸ್ಯಶಾಸ್ತ್ರಜ್ಞನು ಕೊಯ್ದು ನೋಡುತ್ತಾನೆ. ಒಳಗೆ ಶ್ವಾಸಕೋಶದ ಆಕಾರದ ಒಂದು ವಸ್ತುವಿದೆ, ಅದು ಉಸಿರಾಡದು; ಮೆದುಳಿನ ಆಕಾರದ ಒಂದು ವಸ್ತುವಿದೆ, ಅದು ಯೋಚಿಸದು; ಎಲ್ಲವೂ ಬೇರು ನಾರುಗಳಿಂದ ಹೆಣೆದ ಅನುಕರಣ. ಹಾಲೆಂಡ್ ಎಂದೋ ಸತ್ತುಹೋದ. ಜೌಗಿನ ಸಸ್ಯಗಳು ಅವನ ಚೈತನ್ಯವನ್ನು ಹೀರಿ, ತಾವೇ ಅವನೆಂದು ಭ್ರಮಿಸಿ, ಅವನ ದೇಹದ ನೆನಪಿನಂತೆ ಬೆಳೆದುಕೊಂಡವು ಎಂಬ ನಿರ್ಣಯಕ್ಕೆ ವುಡ್ರೂ ಬರುವಾಗ, ಮರಳಿ ಮನುಷ್ಯನಾಗಬೇಕೆಂಬ ಆ ಜೀವಿಯ ಹಂಬಲಕ್ಕೆ ಇದ್ದ ಆಧಾರವೇ ಕುಸಿದು ಬೀಳುತ್ತದೆ. ಇಪ್ಪತ್ತಮೂರು ಪುಟಗಳ ಆಸುಪಾಸಿನ ಒಂದು ಅಗ್ಗದ ಸಂಚಿಕೆಯಲ್ಲಿ, ದೇಹವೂ ನೆನಪೂ ಇದ್ದಮಾತ್ರಕ್ಕೆ ‘ನಾನು’ ಇದ್ದೇನೆಯೇ ಎಂಬ ಪ್ರಶ್ನೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಎತ್ತಿದ ಬರಹವನ್ನು ಬಾಲಸಾಹಿತ್ಯವೆಂದು ಬದಿಗಿಡುವುದು ಹೇಗೆ? 1984ರಲ್ಲಿಯೇ ಇದರ 29ನೆಯ ಸಂಚಿಕೆ ಕೋಡಿನ ಮುದ್ರೆಯಿಲ್ಲದೆ ಹೊರಬಿದ್ದಿತು. ಸ್ವಲ್ಪ ಕಾಲದಲ್ಲಿಯೇ ಆ ಮಾಸಿಕವು ಮುದ್ರೆಯ ಗೊಡವೆಯನ್ನೇ ಬಿಟ್ಟಿತು.

ಕೌತುಕದ ಸಂಗತಿಯೆಂದರೆ, ಮೂರ್ ಅವರ ಬರಹ 1987ರಲ್ಲಿ ಮೊದಲ ಸಲ ಸಂಪುಟರೂಪ ತಾಳಿದಾಗ 20ನೆಯ ಸಂಚಿಕೆಯನ್ನು ಕೈಬಿಟ್ಟು 21ರಿಂದ ಆರಂಭಿಸಿದರು. ಹಿಂದಿನ ಲೇಖಕರು ಬಿಟ್ಟುಹೋದ ಎಳೆಗಳನ್ನು ಗಂಟುಹಾಕುವುದೇ 20ರ ಕೆಲಸವಾದ್ದರಿಂದ ಹೊಸ ಓದುಗರಿಗೆ ಅದು ತೊಡಕಾದೀತೆಂಬ ಎಣಿಕೆ ಇದ್ದಿರಬಹುದು. ಆದರೆ ಸಾವನ್ನು ಕಾಣದ ಓದುಗರಿಗೆ ಶವಚ್ಛೇದನವನ್ನು ಮಾತ್ರ ತೋರಿಸಿದಂತಾಯಿತು. ಅಭಿಮಾನಿಗಳು ಈ ಲೋಪವನ್ನು ಬಿಡದೆ ಎತ್ತಿ ಆಡಿದರು. 2009ರ ಗಟ್ಟಿರಟ್ಟಿನ ಆವೃತ್ತಿಯಲ್ಲಿ ಆ ಸಂಚಿಕೆ ಮೊತ್ತಮೊದಲಿಗೆ ತನ್ನ ಸ್ಥಾನವನ್ನು ಪಡೆಯಿತು. ಇಪ್ಪತ್ತೆರಡು ವರ್ಷ! ನಮ್ಮ ಪಂಡಿತರು ಓಲೆಗರಿಗಳನ್ನು ಮುಂದಿಟ್ಟುಕೊಂಡು, ಈ ಪದ್ಯ ಕವಿಯದೇ, ಲಿಪಿಕಾರನು ಬಿಟ್ಟದ್ದೆಷ್ಟು, ಸೇರಿಸಿದ್ದೆಷ್ಟು ಎಂದು ತೂಗಿನೋಡುವ ಪಾಠಪರಿಷ್ಕರಣವನ್ನು ವಿದ್ವತ್ತೆಂದು ಗೌರವಿಸುತ್ತೇವೆ, ಡಿ. ಎಲ್. ನರಸಿಂಹಾಚಾರ್ಯರು ಅದಕ್ಕೆ ಶಾಸ್ತ್ರಗ್ರಂಥವನ್ನೇ ಬರೆದುಕೊಟ್ಟಿದ್ದಾರೆ. ಅದೇ ಕೆಲಸವನ್ನು ಟೀ ಶರ್ಟ್ ಧರಿಸಿದ ತರುಣರು ಚಿತ್ರಕಥೆಯ ವಿಷಯದಲ್ಲಿ ಮಾಡಿದರೆ ನಗುವುದೇಕೆ?

ಇಂಥ ಪ್ರೌಢ ಬರಹಗಳನ್ನು ಮಾಲೆಯಾಗಿ ಕಟ್ಟಿದ ಕೀರ್ತಿ ಸಂಪಾದಕಿ ಕ್ಯಾರೆನ್ ಬರ್ಗರ್ ಅವರದು. 1979ರಲ್ಲಿ ಡಿಸಿ ಸಂಸ್ಥೆಗೆ ಸಹಾಯಕಿಯಾಗಿ ಬಂದ ಅವರು ನೀಲ್ ಗೇಮನ್, ಗ್ರಾಂಟ್ ಮಾರಿಸನ್, ಪೀಟರ್ ಮಿಲಿಗನ್, ಜೇಮೀ ಡೆಲಾನೊ ಮೊದಲಾದ ಬ್ರಿಟನ್ನಿನ ಲೇಖಕರನ್ನು ಹುಡುಕಿ ಬರೆಯಿಸಿ, ತಮ್ಮ ಮೇಲ್ವಿಚಾರಣೆಯಲ್ಲಿದ್ದ ‘ಸ್ಯಾಂಡ್‌ಮನ್’, ‘ಹೆಲ್‌ಬ್ಲೇಜರ್’, ‘ಸ್ವಾಂಪ್ ಥಿಂಗ್’ ಮುಂತಾದುವನ್ನು 1993ರಲ್ಲಿ ಒಂದೇ ಹೆಸರಿನ ಕೆಳಗೆ ತಂದರು. 2013ರಲ್ಲಿ ಅವರು ನಿರ್ಗಮಿಸುವ ವೇಳೆಗೆ ‘ಪ್ರೀಚರ್’, ‘ಫೇಬಲ್ಸ್’, ‘ವೈ: ದ ಲಾಸ್ಟ್ ಮ್ಯಾನ್’ಗಳಂಥ ಹೆಸರಾಂತ ಕಥೆಗಳೂ ಆ ಹೆಸರಿನಲ್ಲಿ ಬಂದಿದ್ದುವು. ಇವುಗಳ ಗುಣಾವಗುಣ ಇಲ್ಲಿ ಬೇಡ. ಹಿಂಸೆಯೇ ಪ್ರೌಢತೆಯೆಂದು ಭ್ರಮಿಸಿದ ಬರಹಗಳು ಆ ಮಾಲೆಯಲ್ಲಿ ಇಲ್ಲದಿಲ್ಲ.

ಬಿಡಿ ಸಂಚಿಕೆಗಳನ್ನು ಕೂಡಿಸಿ ಪುಸ್ತಕ ಮಾಡುವುದು ಇಂದು ಸಾಮಾನ್ಯವೆನಿಸಿದರೂ ಅಂದು ಹಾಗಿರಲಿಲ್ಲ. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಕತ್ತರಿಸಿಟ್ಟು, ಕಾದಂಬರಿ ಮುಗಿದ ಮೇಲೆ ದಾರ ಹಾಕಿ ಹೊಲಿದು, ರಟ್ಟು ಕಟ್ಟಿಸಿ, ಬೀದಿಯವರೆಲ್ಲ ಓದಲು ಎರವಲು ಕೊಡುತ್ತಿದ್ದ ಗೃಹಿಣಿಯರನ್ನು ಕನ್ನಡ ನಾಡು ಬಲ್ಲದು. ಪ್ರಕಾಶಕರೇ ಆ ಕೆಲಸವನ್ನು ವಹಿಸಿಕೊಂಡಾಗ ತಿಂಗಳಿಗೊಮ್ಮೆ ಬಂದು ತಿಂಗಳಿಗೇ ಮಾಯವಾಗುತ್ತಿದ್ದ ಕಥೆಗೆ ಗ್ರಂಥಾಲಯದ ಕಪಾಟಿನಲ್ಲಿ ನೆಲೆ ಸಿಕ್ಕಿತು. ‘ಸ್ಯಾಂಡ್‌ಮನ್’ 1989ರಿಂದ 1996ರವರೆಗೆ 75 ಸಂಚಿಕೆಗಳಲ್ಲಿ ನಡೆದು ನಿಂತ ಕಥೆ. ಅದರ ಮೊದಲ ಸಂಪುಟವಾಗಿ 1990ರಲ್ಲಿ ಹೊರಟ ‘ದ ಡಾಲ್ಸ್ ಹೌಸ್’ ಆರಂಭವಾದದ್ದು 8ನೆಯ ಸಂಚಿಕೆಯಿಂದ. ಅದಕ್ಕೂ ಹಿಂದಿನ ಏಳು ಸಂಚಿಕೆಗಳು ಮರುವರ್ಷ ಬೇರೊಂದು ಸಂಪುಟವಾಗಿ ಬಂದವು. ಷೇಕ್ಸ್‌ಪಿಯರನ ನಾಟಕಮಂಡಳಿ ಸಸೆಕ್ಸಿನ ಬಯಲಿನಲ್ಲಿ ನಿಜವಾದ ಗಂಧರ್ವಸಭೆಯ ಮುಂದೆ ತನ್ನ ನಾಟಕವನ್ನಾಡುವ ಅದರ 19ನೆಯ ಸಂಚಿಕೆಗೆ 1991ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂದಾಗ, ಅಂಗಡಿಯಲ್ಲಿ ಹಳೆಯ ಸಂಚಿಕೆಗಾಗಿ ತಡಕಾಡದೆ ಸಂಪುಟವನ್ನೇ ಕೊಂಡು ಓದುವ ಅನುಕೂಲ ಹೊಸಬರಿಗೆ ಒದಗಿತು.

ಪುಸ್ತಕವು ಸದಾ ಅಚ್ಚಿನಲ್ಲಿರುವುದು ಲೇಖಕನಿಗೆ ಯಾವಾಗಲೂ ಶುಭವೆಂದೂ ಹೇಳಲಾಗದು. ಮೂರ್ ಮತ್ತು ಚಿತ್ರಕಾರ ಡೇವ್ ಗಿಬನ್ಸ್ ಅವರ ‘ವಾಚ್‌ಮೆನ್’ ವರ್ಟಿಗೋದ್ದಲ್ಲದಿದ್ದರೂ ಇಲ್ಲಿ ಸ್ಮರಣೀಯ. ಪುಸ್ತಕದ ಮುದ್ರಣ ನಿಂತ ಮೇಲೆ ಹಕ್ಕು ಕರ್ತೃಗಳಿಗೆ ಮರಳತಕ್ಕದ್ದೆಂದು ಅದರ ಕರಾರಿನಲ್ಲಿತ್ತು; 1987ರಲ್ಲಿ ಸಂಪುಟವಾದ ಮೇಲೆ ಅದರ ಮುದ್ರಣ ನಿಲ್ಲಲೇ ಇಲ್ಲ; ಹಕ್ಕು ಮರಳಲೂ ಇಲ್ಲ. ಮೂರ್ ಅವರು ಸಂಸ್ಥೆಯಿಂದ ವಿಮುಖರಾದ ಕಾರಣಗಳಲ್ಲಿ ಇದೂ ಒಂದು.

ಇನ್ನು ಬಣ್ಣದ ಜಗಳ. ಹಳೆಯ ಸಂಚಿಕೆಗಳನ್ನು ಅಚ್ಚುಹಾಕುತ್ತಿದ್ದುದು ಮಸಿಯನ್ನು ಹೀರುವ ಒರಟು ಕಾಗದದ ಮೇಲೆ. ಹಚ್ಚಿದ ಬಣ್ಣ ಆ ಕಾಗದದಲ್ಲಿ ಇಳಿದು ಮಂಕಾಗುವುದೆಂದು ಮೊದಲೇ ಲೆಕ್ಕಹಾಕಿ ವರ್ಣಕಾರರು ಬಣ್ಣಗಳನ್ನು ಆಯ್ದುಕೊಳ್ಳುತ್ತಿದ್ದರು. ಅದೇ ಬಣ್ಣವನ್ನು ನುಣುಪು ಕಾಗದದ ಮೇಲೆ ಹಾಗೆಯೇ ಒತ್ತಿದಾಗ ಜೌಗುನೆಲದ ಹಸುರು ಕಣ್ಣಿಗೆ ಚುಚ್ಚುತ್ತದೆ. ಇದಕ್ಕೆ ಪ್ರಕಾಶಕರು ಕಂಡುಕೊಂಡ ಪರಿಹಾರ ಮರುವರ್ಣನ: 2006ರ ‘ಆಬ್ಸಲ್ಯೂಟ್ ಸ್ಯಾಂಡ್‌ಮನ್’ ಮೊದಲ ಸಂಪುಟದಲ್ಲಿ ಆರಂಭದ 18 ಸಂಚಿಕೆಗಳಿಗೆ ಹೊಸ ಬಣ್ಣ ಬಂದಿತು, ಬಿಸೆಟ್ ಮತ್ತು ಟೋಟಲ್‌ಬೆನ್ ಬರೆದ ‘ಸ್ವಾಂಪ್ ಥಿಂಗ್’ ಚಿತ್ರಗಳಿಗೆ ತತ್ಯಾನಾ ವುಡ್ ಅವರು ಹಚ್ಚಿದ್ದ ಬಣ್ಣದ ಬದಲು 2019ರ ಭಾರೀ ಆವೃತ್ತಿಯಲ್ಲಿ ಸ್ಟೀವ್ ಓಲಿಫ್ ಅವರ ಬಣ್ಣ ಬಂದಿತು. ‘ಸ್ಯಾಂಡ್‌ಮನ್’ ವಿಷಯದಲ್ಲಿ ಹೊಸದು ಮೇಲೆಂಬ ಪಕ್ಷಕ್ಕೆ ನಾನು ಸೇರುತ್ತೇನೆ. ಅದರ ಮೊದಲಿನ ಸಂಚಿಕೆಗಳ ಬಣ್ಣ ಅಂದಿಗೂ ಸೊಗಸಾಗಿರಲಿಲ್ಲ. ವುಡ್ ಅವರ ಕೆಲಸ ಹಾಗಲ್ಲ. ಆ ಹಸುರು, ಆ ಕಂದು, ರಾತ್ರಿಯ ದೃಶ್ಯಗಳಲ್ಲಿ ಇದ್ದಕ್ಕಿದ್ದಂತೆ ಹರಡುವ ಆ ಕೆಂಪು, ಇವೆಲ್ಲ ಕಥೆಯ ಅಂಗಗಳೇ ಆಗಿದ್ದುವು. ತಿದ್ದುವುದಾದರೆ ತಿದ್ದಲಿ, ಮೂಲವೂ ಮಾರುಕಟ್ಟೆಯಲ್ಲಿ ಉಳಿಯಲಿ ಎಂಬುದು ಅಭಿಮಾನಿಗಳ ಬೇಡಿಕೆ. ಇದರಲ್ಲಿ ಅನ್ಯಾಯವೇನೂ ನನಗೆ ಕಾಣದು.

ಸಂಪುಟವಾಗದೆ ಉಳಿದ ಕೃತಿಗಳ ಪಾಡು ಇದಕ್ಕಿಂತ ಕಷ್ಟದ್ದು. ಮಾರಿಸನ್ ಬರೆದು ಫ್ರಾಂಕ್ ಕ್ವೈಟ್ಲಿ ಚಿತ್ರಿಸಿದ ‘ಫ್ಲೆಕ್ಸ್ ಮೆಂಟಾಲೊ’ 1996ರಲ್ಲಿ ನಾಲ್ಕೇ ಸಂಚಿಕೆಗಳಲ್ಲಿ ಬಂದಿತು. ಅದರ ನಾಯಕನು, ಕಡಲ ತೀರದಲ್ಲಿ ಅಪಮಾನಕ್ಕೊಳಗಾದ ಬಡಕಲು ಯುವಕ ಅಂಗಸಾಧನೆಯಿಂದ ಗಟ್ಟಿಮುಟ್ಟಾಗುವ ಚಾರ್ಲ್ಸ್ ಅಟ್ಲಾಸ್ ಕಂಪನಿಯ ಹಳೆಯ ಜಾಹೀರಾತಿನ ವಿಡಂಬನೆ. ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2000ದಲ್ಲಿ ತೀರ್ಪು ಡಿಸಿ ಸಂಸ್ಥೆಯ ಪರವಾಗಿಯೇ ಆಯಿತು. ಗೆದ್ದವರು ಮರುದಿನವೇ ಪುಸ್ತಕ ತರಬಹುದಾಗಿತ್ತಷ್ಟೆ? ತಂದದ್ದು 2012ರಲ್ಲಿ, ಅದೂ ಬಣ್ಣ ಬದಲಿಸಿ. ನಡುವಣ ಹದಿನಾರು ವರ್ಷ ಆ ನಾಲ್ಕು ಸಂಚಿಕೆಗಳು ಸಂಗ್ರಾಹಕರ ಸ್ವತ್ತಾಗಿದ್ದುವು. ಮಿಲಿಗನ್ ಮತ್ತು ಕ್ರಿಸ್ ಬಾಚಲೋ ಅವರ ‘ಶೇಡ್, ದ ಚೇಂಜಿಂಗ್ ಮ್ಯಾನ್’ 70 ಸಂಚಿಕೆಗಳ ಕೃತಿ. ಬಹುಕಾಲ ಅದರ ಮೊದಲ 19 ಸಂಚಿಕೆಗಳು ಮಾತ್ರ ಮೂರು ಸಂಪುಟಗಳಲ್ಲಿ ದೊರೆಯುತ್ತಿದ್ದುವು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಆರು ವರ್ಷ ಬಿಟ್ಟು, ಮಾರಾಟ ಸಾಲದೆಂದು ಮೂರನೆಯದಕ್ಕೆ ನಿಲ್ಲಿಸಿದರೆ, ಸಾಲದೇ ಹೋದ ತಪ್ಪು ಓದುಗನದೇ? ವಾರೆನ್ ಎಲಿಸ್ ಅವರು ‘ಹೆಲ್‌ಬ್ಲೇಜರ್’ಗೆ ಬರೆದಿದ್ದ, ಶಾಲೆಗಳಲ್ಲಿ ಮಕ್ಕಳು ಮಕ್ಕಳನ್ನೇ ಗುಂಡಿಟ್ಟು ಕೊಲ್ಲುವುದನ್ನು ಕುರಿತ ಕಥೆಯನ್ನು 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ದುರಂತ ಘಟಿಸಿದ ಮೇಲೆ ತಡೆಹಿಡಿದರು, ಲೇಖಕರು ಮಾಸಿಕವನ್ನೇ ಬಿಟ್ಟು ಹೊರಟರು, ಕಥೆ ಹೊರಬಂದದ್ದು 2010ರಲ್ಲಿ. ಪ್ರೌಢರಿಗಾಗಿ ಎಂದು ಮುಖಪುಟದಲ್ಲಿ ಬರೆದುಕೊಂಡ ಮಾಲೆ ಪ್ರೌಢರನ್ನು ನಂಬದೆ ಹೋದ ಸಂದರ್ಭವದು.

ಪ್ರಕಾಶಕರ ಕಡೆಯಿಂದಲೂ ಒಂದು ಮಾತಿದೆ. ಸಾವಿರಕ್ಕೂ ಮಿಕ್ಕ ಪುಟಗಳ ‘ಆಮ್ನಿಬಸ್’, ಗವಸಣಿಗೆಯ ಪೆಟ್ಟಿಗೆಯಲ್ಲಿಟ್ಟ ‘ಆಬ್ಸಲ್ಯೂಟ್’, ಇವನ್ನು ಕೊಳ್ಳುವವರು ಕೆಲವರೇ ಆದರೂ ನಿಶ್ಚಿತವಾಗಿ ಕೊಳ್ಳುತ್ತಾರೆ. ಸಾದಾ ಪೇಪರ್‌ಬ್ಯಾಕನ್ನು ಹತ್ತು ಸಂಪುಟಗಳಾಗಿ ಹೊರಡಿಸಿದರೆ ಮೂರನೆಯದರಿಂದಾಚೆಗೆ ಕೊಳ್ಳುವವರು ಕರಗುತ್ತಾರೆ ಎಂಬ ಲೆಕ್ಕ ಸುಳ್ಳಲ್ಲ. ಆದರೆ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ‘ಆಬ್ಸಲ್ಯೂಟ್ ಸ್ಯಾಂಡ್‌ಮನ್’ ಒಂದೊಂದಕ್ಕೆ 99 ಡಾಲರ್ ಇದ್ದಾಗ ನಾಲ್ಕಕ್ಕೆ ಆಗುವ ಮೊತ್ತವನ್ನು ಬೆಂಗಳೂರಿನ ವಿದ್ಯಾರ್ಥಿ ಕಲ್ಪಿಸಿಕೊಳ್ಳಲಿ. ಅವನಿಗೆ ಗತಿ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ಅಕಸ್ಮಾತ್ತಾಗಿ ಸಿಗುವ ಬಿಡಿ ಸಂಪುಟ. ಭಾರವಾದ ಆಮ್ನಿಬಸ್ಸನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಒತ್ತಿಹಿಡಿಯದೆ ಓದಲಾಗದು. ಒತ್ತಿದರೆ ಬೆನ್ನು ಬಿರಿದೀತೆಂಬ ಭಯ ಬೇರೆ. ಅಲಂಕಾರಕ್ಕೆ ಕೊಂಡವರಿಗೆ ಅದು ಬಾಧಕವಾಗದು. ಕಥೆಗಾಗಿ ಕೊಂಡವರಿಗೆ ಬೇಕಾದದ್ದು ಕೈಯಲ್ಲಿ ಹಿಡಿಯಬಲ್ಲ, ಪೂರ್ಣವಾದ, ಮೂಲದ ಬಣ್ಣವುಳ್ಳ, ಓದುಗರ ಪತ್ರಗಳನ್ನೂ ಕೈಬಿಡದ ಅಗ್ಗದ ಸಂಪುಟ. 2024ರಲ್ಲಿ ಡಿಸಿಯವರೇ 9.99 ಡಾಲರಿನ ಕಿರುಗಾತ್ರದ ಪುಸ್ತಕಗಳನ್ನು ಹೊರಡಿಸತೊಡಗಿದ್ದರಿಂದ ಅದು ಅಸಾಧ್ಯವೆಂಬ ಮಾತು ಇನ್ನು ನಡೆಯದು. ಮರಳಿ ಎತ್ತಿದ ಹೆಸರಿನಲ್ಲಿ ಹೊಸ ಕಥೆಗಳು ಬರಲಿ. ಅವುಗಳ ಜೊತೆಗೆ ‘ಶೇಡ್’ನ ಎಪ್ಪತ್ತೂ ಸಂಚಿಕೆಗಳು ಸಾದಾ ರಟ್ಟಿನಲ್ಲಿ ಬರಲಿ.

ಈ ಮಾಲೆಯನ್ನು ಹೊಸದಾಗಿ ಓದಬಯಸುವ ಕನ್ನಡಿಗರು ಮೂರ್ ಅವರ ‘ಸ್ವಾಂಪ್ ಥಿಂಗ್’ನ ಆರು ಪೇಪರ್‌ಬ್ಯಾಕ್ ಸಂಪುಟಗಳಿಂದ ತೊಡಗುವುದು ಉತ್ತಮ. ಹಳೆಯ ಪ್ರತಿಯನ್ನು ಕೊಳ್ಳುವವರು ಮೊದಲ ಸಂಪುಟದಲ್ಲಿ 20ನೆಯ ಸಂಚಿಕೆ ಇದೆಯೇ ಎಂದು ಅಂಗಡಿಯಲ್ಲಿಯೇ ತೆರೆದು ನೋಡಿಕೊಳ್ಳಿ. ಮನೆಗೆ ತಂದ ಮೇಲೆ ಮಕ್ಕಳ ಪುಸ್ತಕಗಳ ಸಾಲಿನಲ್ಲಿ ಮಾತ್ರ ಇಡಬೇಡಿ.