ಇಂಡೋನೇಷ್ಯಾದ ಹಳ್ಳಿಗೆ ನೇರವಾಗಿ ಬಂದ ಹಣ

ಜಾವಾದ ಹಳ್ಳಿಗಳಲ್ಲಿ ಗ್ರಾಮ ಕಚೇರಿಯ ಮುಂದೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿರುತ್ತಾರೆ. ಒಂದು ಮಗ್ಗುಲಲ್ಲಿ ಊರ ಮುಖ್ಯಸ್ಥನ ಫೋಟೊ, ಉಳಿದ ಜಾಗದ ತುಂಬ ಆ ವರ್ಷದ ಜಮಾ-ಖರ್ಚು. ಕೇಂದ್ರದಿಂದ ಬಂದದ್ದೆಷ್ಟು, ಜಿಲ್ಲೆ ಕೊಟ್ಟದ್ದೆಷ್ಟು, ಯಾವ ಕೇರಿಯ ಚರಂಡಿಗೆ ಎಷ್ಟು, ತಾಯಿ-ಮಕ್ಕಳ ತೂಕ ನೋಡಿ ಲಸಿಕೆ ಹಾಕುವ ಪೊಸ್ಯಾಂಡುವಿಗೆ ಎಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಹಾದಿಯಲ್ಲಿ ಹೋಗುವ ಯಾರು ಬೇಕಾದರೂ ನಿಂತು ಓದಬಹುದು. ಹಿಂದಿನ ಸರ್ವಾಧಿಕಾರಿ ಸುಹಾರ್ತೊ ಆಳ್ವಿಕೆಯಲ್ಲಿ ಇಂಥದ್ದನ್ನು ಊಹಿಸುವುದೂ ಕಷ್ಟವಿತ್ತು.

ಇದಕ್ಕೆ ದಾರಿ ಮಾಡಿಕೊಟ್ಟದ್ದು 2014ರ ಗ್ರಾಮ ಕಾಯ್ದೆ. ಮರುವರ್ಷದಿಂದ ಕೇಂದ್ರ ಬಜೆಟ್‌ನಿಂದ ಸುಮಾರು 75 ಸಾವಿರ ಹಳ್ಳಿಗಳಿಗೆ ‘ದಾನಾ ದೇಸಾ’ ಎಂಬ ಗ್ರಾಮ ನಿಧಿ ಹರಿಯತೊಡಗಿತು. 2015ರಲ್ಲಿ ಸರಾಸರಿ ಒಂದು ಹಳ್ಳಿಗೆ 28 ಕೋಟಿ ರುಪಿಯಾ ಸಿಕ್ಕಿತು. 2019ರ ಹೊತ್ತಿಗೆ ಅದು 93 ಕೋಟಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 45 ಲಕ್ಷ ರೂಪಾಯಿ ಆಯಿತು. ಹತ್ತು ವರ್ಷ ಕಳೆದ ಮೇಲೆ ಆ ದೇಶದಲ್ಲಿ ಎರಡು ವಾದಗಳು ಎದುರುಬದುರು ನಿಂತಿವೆ. ಹಳ್ಳಿ ಬದುಕಿದ್ದೇ ಈ ಹಣದಿಂದ ಎನ್ನುವುದು ಒಂದು. ಹಳ್ಳಿಯ ಮುಖಂಡ ಕೆಟ್ಟದ್ದೇ ಈ ಹಣದಿಂದ ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ.

ಮೊದಲಿನದನ್ನು ಕೇಳೋಣ. 1979ರ ಕಾಯ್ದೆ ಇಡೀ ದ್ವೀಪಸಮೂಹದ ಹಳ್ಳಿಗಳನ್ನೆಲ್ಲ ಜಾವಾದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿತ್ತು. ಪಶ್ಚಿಮ ಸುಮಾತ್ರಾದಲ್ಲಿ ‘ನಾಗರಿ’ ಎಂಬ ಹಳೆಯ ಊರೊಕ್ಕೂಟಗಳನ್ನು ಒಡೆದು ಚೂರು ಮಾಡಿತ್ತು. ಊರಿಗೆ ಏನು ಬೇಕೆಂದು ಜಕಾರ್ತಾದಲ್ಲಿ ತೀರ್ಮಾನವಾಗುತ್ತಿತ್ತು. ಈಗ ವರ್ಷಕ್ಕೊಮ್ಮೆಯಾದರೂ ಗ್ರಾಮಸಭೆ ಸೇರುತ್ತದೆ. ಒಂದೊಂದು ಕೇರಿಯವರೂ ತಮ್ಮ ಬೇಡಿಕೆ ಹೊತ್ತು ಬರುತ್ತಾರೆ. ಗುಡ್ಡದ ಊರುಗಳಲ್ಲಿ ಗಾಡಿಯ ಚಕ್ರ ಓಡುವಷ್ಟೇ ಅಗಲಕ್ಕೆ ಎರಡು ಕಾಂಕ್ರೀಟ್ ಪಟ್ಟಿ ಹಾಸಿ ನಡುವೆ ಹುಲ್ಲು ಬಿಟ್ಟ ರಸ್ತೆಗಳಿವೆ. ಸಿಮೆಂಟು ಕಲಸುವವರೂ ಜಲ್ಲಿ ಹೊರುವವರೂ ಅದೇ ಊರಿನವರು, ಕೂಲಿಯೂ ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಬಸುರಿಯನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಯವರಿಗೆ ಆ ಎರಡು ಪಟ್ಟಿಗಳ ಬೆಲೆ ಗೊತ್ತು. ಕೋವಿಡ್ ಬಂದಾಗ, 2020ರಲ್ಲಿ, ಇದೇ ನಿಧಿಯಿಂದ ಬಡ ಕುಟುಂಬಕ್ಕೆ ಮೊದಲ ಮೂರು ತಿಂಗಳು ತಿಂಗಳಿಗೆ ಆರು ಲಕ್ಷ ರುಪಿಯಾ ತಲುಪಿತು. ಯಾರ ಮನೆಯ ಒಲೆ ಆರಿದೆ ಎಂಬುದು ದೂರದ ಮಂತ್ರಾಲಯಕ್ಕಿಂತ ಕೇರಿಯ ಹಿರಿಯನಿಗೆ ಬೇಗ ತಿಳಿಯುತ್ತದೆ.

ಕ್ಲಾತೆನ್ ಜಿಲ್ಲೆಯ ಪೊಂಗ್ಗೊಕ್ ಹಳ್ಳಿಯನ್ನು ಈ ಪಕ್ಷದವರು ಹೆಮ್ಮೆಯಿಂದ ತೋರಿಸುತ್ತಾರೆ. ಅಲ್ಲಿನ ತಿಳಿನೀರಿನ ಬುಗ್ಗೆಯನ್ನು ಊರಿನದೇ ಉದ್ಯಮವೊಂದು ಪ್ರವಾಸಿ ತಾಣವಾಗಿಸಿತು. ಜನ ನೀರೊಳಗೆ ಮುಳುಗಿ ಬೈಕಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಂದ ಲಾಭದಲ್ಲಿ ಮನೆಗೊಬ್ಬ ಪದವೀಧರನಾಗಲಿ ಎಂದು ಊರು ಓದುವ ಮಕ್ಕಳಿಗೆ ನೆರವು ಕೊಟ್ಟಿತು. ಒಳ್ಳೆಯ ಕತೆಯೇ. ಆದರೆ ಆ ಉದ್ಯಮ ಶುರುವಾದದ್ದು 2009ರಲ್ಲಿ, ಗ್ರಾಮ ನಿಧಿಗೆ ಮೊದಲು. ಅವರಿಗೆ ಬತ್ತದ ಬುಗ್ಗೆಯಿತ್ತು, ಸೋಲೊ ಮತ್ತು ಯೋಗ್ಯಕರ್ತಾ ನಗರಗಳ ನಡುವಿನ ಜಾಗವಿತ್ತು. ಇವೆರಡೂ ಇಲ್ಲದ ಹಳ್ಳಿ ಅದನ್ನು ನಕಲು ಮಾಡಲಾಗದು.

ಬಡತನದ ಅಂಕಿಗಳನ್ನೂ ಎಚ್ಚರದಿಂದಲೇ ಓದಬೇಕು. ಗ್ರಾಮೀಣ ಬಡತನ 2015ರ ಮಾರ್ಚ್‌ನಲ್ಲಿ ಶೇ. 14.2 ಇದ್ದದ್ದು 2024ರ ಮಾರ್ಚ್‌ಗೆ ಶೇ. 11.8ಕ್ಕೆ ಇಳಿಯಿತು. ನಿಧಿಯ ಪರ ಮಾತಾಡುವವರು ಇದನ್ನೇ ಎತ್ತಿ ಹೇಳುತ್ತಾರೆ. ಆದರೆ 2010ರಲ್ಲಿ ಅದು ಶೇ. 16.6ರ ಆಸುಪಾಸಿನಲ್ಲಿತ್ತು, 2014ರೊಳಗೆ, ಈ ನಿಧಿಯ ಒಂದು ಕಾಸೂ ಬರುವ ಮುಂಚೆಯೇ, ಅಷ್ಟೇ ಪ್ರಮಾಣದಲ್ಲಿ ಇಳಿದಿತ್ತು. ನಡುವೆ ಕೋವಿಡ್ ಬಂತು, ನಿಜ. ಆದರೂ ಬಡತನ ಇಳಿದದ್ದರ ಶ್ರೇಯವನ್ನೆಲ್ಲ ಕಾಂಕ್ರೀಟ್ ರಸ್ತೆಗೆ ಕೊಡಲು ಬರುವುದಿಲ್ಲ. ಜಾವಾದಲ್ಲಿ ಅರ್ಧ ಹೆಕ್ಟೇರ್ ಗದ್ದೆಯೂ ಇಲ್ಲದ ಮನೆಗಳೇ ಹೆಚ್ಚು. ಅಲ್ಲಿ ಹೊಸ ಹೆಂಚಿನ ಮಾಡು ಎದ್ದಿದ್ದರೆ ಎಷ್ಟೋ ಸಲ ಅದರ ಹಿಂದೆ ಇರುವುದು ಹಾಂಗ್‌ಕಾಂಗ್‌ನಲ್ಲೋ ತೈವಾನ್‌ನಲ್ಲೋ ಮನೆಗೆಲಸ ಮಾಡುತ್ತಿರುವ ಮಗಳ, ಮಲೇಷ್ಯಾದ ತೋಟದಲ್ಲಿ ದುಡಿಯುವ ಮಗನ ಗಳಿಕೆ. ದುಡಿಯುವ ವಯಸ್ಸಿನವರು ಹೊರಗಿರುವ ಊರಿನಲ್ಲಿ ಗ್ರಾಮಸಭೆಗೆ ಬಂದು ಕೂರುವವರು ಯಾರೆಂಬ ಪ್ರಶ್ನೆಯೂ ಇದೆ.

ಹಣ ಹಂಚಿದ ರೀತಿಯೂ ಸರಿಯಿರಲಿಲ್ಲ. ಮೊದಲ ವರ್ಷಗಳಲ್ಲಿ ಶೇ. 90ರಷ್ಟನ್ನು ಎಲ್ಲ ಹಳ್ಳಿಗೂ ಸಮವಾಗಿ ಹಂಚಲಾಯಿತು. ಕೆಲವು ನೂರು ಜನರ ಊರಿಗೂ ಹತ್ತು ಸಾವಿರ ಜನರ ಊರಿಗೂ ಬಹುಮಟ್ಟಿಗೆ ಒಂದೇ ಮೊತ್ತ. ಜಾವಾದ ಕಿಕ್ಕಿರಿದ ಹಳ್ಳಿಯ ಬಡವನ ಪಾಲಿಗೆ ಬಿದ್ದದ್ದು ಅತ್ಯಲ್ಪ. 2018ರಲ್ಲಿ ಸಮಪಾಲಿನ ಪ್ರಮಾಣವನ್ನು ಶೇ. 77ಕ್ಕೆ ಇಳಿಸಿದರು, ಅದೂ ಸಾಲದಾಗಿತ್ತು.

ಇನ್ನು ಕಳ್ಳತನದ ಮಾತು. 2017ರ ಆಗಸ್ಟ್‌ನಲ್ಲಿ ಮದುರಾ ದ್ವೀಪದ ಪಮೆಕಾಸನ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ಆಯೋಗ ದಾಳಿ ಮಾಡಿತು. ಗ್ರಾಮ ನಿಧಿಯ ಹತ್ತು ಕೋಟಿ ರುಪಿಯಾದ ಒಂದು ಕಾಮಗಾರಿಯ ತನಿಖೆ ನಿಲ್ಲಿಸಲು ಸರ್ಕಾರಿ ಅಭಿಯೋಜಕರಿಗೆ ಇಪ್ಪತ್ತೈದು ಕೋಟಿ ಲಂಚ ಕೊಟ್ಟ ಪ್ರಕರಣವದು. ಕಾಮಗಾರಿಗಿಂತ ಲಂಚವೇ ದೊಡ್ಡದು. ಜಿಲ್ಲೆಯ ಮುಖ್ಯಸ್ಥನೂ ಸಿಕ್ಕಿಬಿದ್ದ. 2019ರಲ್ಲಿ ಆಗ್ನೇಯ ಸುಲಾವೇಸಿಯಲ್ಲಿ ಜನವಸತಿಯೇ ಇಲ್ಲದ ಹಳ್ಳಿಗಳ ಹೆಸರಿನಲ್ಲಿ ನಿಧಿ ಪಡೆಯಲಾಗುತ್ತಿದೆ ಎಂದು ಹಣಕಾಸು ಸಚಿವೆ ಶ್ರೀ ಮುಲ್ಯಾನಿ ಸಂಸತ್ತಿಗೇ ಹೇಳಬೇಕಾಯಿತು. ಇವನ್ನು ಬಿಡಿ ಘಟನೆಗಳೆಂದು ತಳ್ಳಿಹಾಕುವುದು ಅಪ್ರಾಮಾಣಿಕತೆ.

ಹಾಗಾದರೆ ತಡೆಯುವುದು ಹೇಗೆ? ಇದಕ್ಕೆ ಇಂಡೋನೇಷ್ಯಾದ ಮಣ್ಣಿನಲ್ಲೇ ಸಿಕ್ಕ ಉತ್ತರವೊಂದಿದೆ. 2003-04ರಲ್ಲಿ ಬೆಂಜಮಿನ್ ಓಲ್ಕನ್ ಎಂಬ ಅರ್ಥಶಾಸ್ತ್ರಜ್ಞ ಜಾವಾದ 608 ಹಳ್ಳಿಗಳ ರಸ್ತೆ ಕಾಮಗಾರಿಗಳನ್ನು ಪರೀಕ್ಷಿಸಿದ. ಎಂಜಿನಿಯರುಗಳು ಮುಗಿದ ರಸ್ತೆಯನ್ನು ಅಲ್ಲಲ್ಲಿ ಅಗೆದು, ಒಳಗೆ ನಿಜಕ್ಕೂ ಎಷ್ಟು ಕಲ್ಲು, ಎಷ್ಟು ಮರಳು, ಎಷ್ಟು ಜಲ್ಲಿ ಇದೆಯೆಂದು ಅಳೆದರು. ಲೆಕ್ಕಪರಿಶೋಧನೆ ಖಚಿತವೆಂದು ಮುಂಚೆಯೇ ತಿಳಿಸಿದ ಹಳ್ಳಿಗಳಲ್ಲಿ ಸೋರಿಕೆ ಸುಮಾರು ಎಂಟು ಶೇಕಡಾಂಶ ಕಡಿಮೆಯಾಗಿತ್ತು. ಸಭೆಗೆ ಬನ್ನಿ, ಲೆಕ್ಕ ಕೇಳಿ ಎಂದು ನೂರಾರು ಜನರಿಗೆ ಆಹ್ವಾನಪತ್ರ ಹಂಚಿದ ಕಡೆ ಕೂಲಿಯ ಹಣದ ಸೋರಿಕೆ ತಗ್ಗಿತು, ಸಾಮಗ್ರಿಯದು ತಗ್ಗಲಿಲ್ಲ. ತಮ್ಮ ಕೈಗೆ ಬರಬೇಕಾದ ಕೂಲಿ ಬಾರದಿದ್ದರೆ ಜನ ಕೇಳುತ್ತಾರೆ. ನೆಲದೊಳಗೆ ಹೂತುಹೋದ ಜಲ್ಲಿಯ ದಪ್ಪ ಅವರಿಗೆ ಕಾಣುವುದಿಲ್ಲ. ನನಗೆ ಈ ಫಲಿತಾಂಶ ಎರಡೂ ಪಕ್ಷಗಳಿಗಿಂತ ಹೆಚ್ಚು ಕಲಿಸಿದೆ. ಫ್ಲೆಕ್ಸ್ ಕಟ್ಟಿ ಜನರೇ ಕಾಯಲಿ ಎಂದು ಬಿಟ್ಟರೆ ಆಗದು. ಹಳ್ಳಿಗರಿಗೆ ಕೆಲಸ ನಡೆಸಲು ಬಾರದೆಂದು ಹಣ ವಾಪಸು ಪಡೆಯುವುದಕ್ಕೂ ಅದು ಆಧಾರವಾಗದು. ಅಗೆದು ನೋಡುವವನು ಖಂಡಿತ ಬರುತ್ತಾನೆಂದು ಗೊತ್ತಿದ್ದಾಗ ಅದೇ ಹಳ್ಳಿ, ಅದೇ ಮುಖಂಡರು ಹೆಚ್ಚು ನೇರವಾಗಿ ನಡೆದುಕೊಂಡರು.

ಸರ್ಕಾರಗಳು ಹಿಡಿದ ದಾರಿ ಬೇರೆ. 2022ರ ನಿಧಿಗೆ ಅಧ್ಯಕ್ಷರ ಆದೇಶವೊಂದು ಕನಿಷ್ಠ ಶೇ. 40 ನಗದು ನೆರವಿಗೆ, ಶೇ. 20 ಆಹಾರ ಭದ್ರತೆಗೆ, ಶೇ. 8 ಕೋವಿಡ್‌ಗೆ ಎಂದು ಮೊದಲೇ ಕಟ್ಟಿಹಾಕಿತು. ಗ್ರಾಮಸಭೆ ಚರ್ಚಿಸಲು ಉಳಿದದ್ದು ಮೂರನೇ ಒಂದು ಪಾಲಿಗೂ ಕಡಿಮೆ. ಅತ್ತ ಊರ ಮುಖ್ಯಸ್ಥರ ಕೈ ಮಾತ್ರ ಬಲವಾಯಿತು. 2023ರ ಜನವರಿಯಲ್ಲಿ ಅವರು ಜಕಾರ್ತಾಕ್ಕೆ ಬಂದು ಅವಧಿಯನ್ನು ಆರರಿಂದ ಒಂಬತ್ತು ವರ್ಷಕ್ಕೆ ಏರಿಸಿ ಎಂದು ಪ್ರತಿಭಟಿಸಿದರು. 2024ರ ತಿದ್ದುಪಡಿ ಎಂಟು ವರ್ಷ ಕೊಟ್ಟಿತು. ಚುನಾವಣೆಯ ಕಿತ್ತಾಟ ಆರಲು ಸಮಯ ಬೇಕೆಂಬ ಅವರ ಮಾತಿನಲ್ಲಿ ಸತ್ಯವಿದೆ. ಜಾವಾದ ಊರೊಂದರ ಮುಖ್ಯಸ್ಥನ ಚುನಾವಣೆ ನೆಂಟರ ನಡುವೆಯೂ ಮಾತು ಬಿಡಿಸುತ್ತದೆ. ಆದರೆ ಕೆಟ್ಟ ಮುಖ್ಯಸ್ಥನನ್ನು ಮತದಿಂದ ಕೆಳಗಿಳಿಸಲು ಎಂಟು ವರ್ಷ ಕಾಯಬೇಕೆನ್ನುವುದು ಹಳ್ಳಿಗರಿಗೆ ಮಾಡಿದ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

2025ರ ಜುಲೈನಲ್ಲಿ ಅಧ್ಯಕ್ಷ ಪ್ರಬೋವೊ ದೇಶಾದ್ಯಂತ ಸುಮಾರು 80 ಸಾವಿರ ಗ್ರಾಮ ಸಹಕಾರ ಸಂಘಗಳಿಗೆ ಚಾಲನೆ ಕೊಟ್ಟರು. ಗೊಬ್ಬರ, ಅಡುಗೆ ಅನಿಲ, ಔಷಧ, ಸಾಲ ಊರಲ್ಲೇ ಸಿಗಬೇಕು, ಬಡ್ಡಿ ವ್ಯಾಪಾರಿಯ ಹಿಡಿತ ತಪ್ಪಬೇಕು ಎಂಬುದು ಉದ್ದೇಶ, ಬೇಕಾದ ಉದ್ದೇಶವೇ. ಆದರೆ ಬ್ಯಾಂಕಿನಿಂದ ಸಂಘ ತಂದ ಸಾಲ ತೀರದಿದ್ದರೆ ಊರಿನ ನಿಧಿಯಿಂದ ತುಂಬಿಕೊಡಬಹುದೆಂಬ ನಿಯಮವೂ ಜೊತೆಗೇ ಬಂತು. ಸಂಘ ರಚಿಸಲು ಪ್ರತಿ ಊರಲ್ಲೂ ವಿಶೇಷ ಗ್ರಾಮಸಭೆ ನಡೆಯಿತು. ಆದೇಶ ಹೊರಟ ಕೆಲವೇ ತಿಂಗಳಲ್ಲಿ ಹತ್ತಿರ ಹತ್ತಿರ ಎಲ್ಲ ಹಳ್ಳಿಗಳೂ ಒಪ್ಪಿಗೆ ಕೊಟ್ಟವು. ಇಷ್ಟೊಂದು ಊರುಗಳಲ್ಲಿ ಬೇಡ ಎನ್ನುವ ಸಭೆ ಸಿಗುವುದೇ ಕಷ್ಟವೆಂದರೆ, ಆ ಸಭೆಗಳಿಗೆ ಬೇಡ ಎನ್ನುವ ಅವಕಾಶ ಎಷ್ಟಿತ್ತೆಂದು ಈಗಲೇ ಕೇಳಬೇಕು. ಸಾಲ ಮುಳುಗಿದ ದಿನ ರಸ್ತೆಗೂ ಪೊಸ್ಯಾಂಡುವಿಗೂ ಹಣವಿಲ್ಲದೆ ಕೂರುವವರು ಆ ಊರಿನವರೇ.