ಬಾಡಿಗೆಗೆಂದು ಯಾರೂ ಕಟ್ಟದ ಮನೆಗಳು

ನಮ್ಮ ಬಳಗದ ಹಿಂದಿನ ಕೂಟದಲ್ಲಿ ಹಿರಿಯರೊಬ್ಬರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. “ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದೇ ಹಣವನ್ನು ಸಾಲದ ಕಂತಿಗೆ ಕಟ್ಟಿದರೆ ಮನೆ ನಮ್ಮದಾಗುತ್ತದೆ. ಈಗಿನ ಮಕ್ಕಳಿಗೆ ಅಷ್ಟೂ ತಿಳಿಯದೆ?” ಸಭೆ ತಲೆದೂಗಿತು. ಗೌರವದಿಂದ ನಾನೂ ಸುಮ್ಮನಿದ್ದೆ. ಆದರೆ ಆಮೇಲಿನ ಮೂರು ಭಾನುವಾರಗಳನ್ನು ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ತಂಗಿಯ ಮಗಳಿಗೊಂದು ಮನೆ ಹುಡುಕುತ್ತ ಕಳೆದ ಮೇಲೆ ಸುಮ್ಮನಿರುವುದು ಸಾಧ್ಯವಾಗುತ್ತಿಲ್ಲ.

ಹುಡುಗಿ ಕುಮಟೆಯವಳು. ಐರೋಲಿಯಲ್ಲಿ ಕೆಲಸ, ಕೈಗೆ ಬರುವ ಸಂಬಳ ₹45,000. ಅವಳಿದ್ದ ಹಳೆಯ ಕಟ್ಟಡದ ಕೋಣೆಯಲ್ಲಿ ಈ ಮಳೆಗಾಲ ಮಲಗುವ ಮಂಚದ ಮೇಲೆಯೇ ಸೂರಿನ ಗಾರೆ ಕಳಚಿ ಬಿತ್ತು. ಅವಳು ಆಗ ಕಚೇರಿಯಲ್ಲಿದ್ದಳು. ಆದ್ದರಿಂದ ಹೊಸ ಕಟ್ಟಡವೇ ಬೇಕೆಂಬುದು ಶೋಕಿಯಲ್ಲ. ಘೋಡ್‌ಬಂದರ್ ರಸ್ತೆಯ ಇಕ್ಕೆಲಗಳಲ್ಲಿ ಮೂವತ್ತು ಅಂತಸ್ತಿನ ಗೋಪುರಗಳಿಗೇನೂ ಬರವಿಲ್ಲ. ಸಂಜೆ ಎಂಟರ ಹೊತ್ತಿಗೆ ಒಂದರ ಎದುರು ನಿಂತು ಲೆಕ್ಕ ಹಾಕಿದೆ. ದೀಪ ಉರಿಯುತ್ತಿದ್ದುದು ಮೂರರಲ್ಲೊಂದು ಕಿಟಕಿಯಲ್ಲೂ ಇಲ್ಲ.

ಅದೇ ಗೋಪುರದಲ್ಲಿ ಒಂದು ಕೋಣೆ-ಅಡುಗೆಮನೆಯ ಫ್ಲಾಟು ತೋರಿಸಿದರು. ಬಾಡಿಗೆ ₹26,000. ಠೇವಣಿ ಒಂದು ಲಕ್ಷ, ದಲಾಲಿ ಒಂದು ತಿಂಗಳ ಬಾಡಿಗೆ, ಸಾಮಾನು ಲಿಫ್ಟಿನಲ್ಲಿ ಏರಿಸಲು ಸೊಸೈಟಿಗೆ ₹5,000. ಬೀಗದ ಕೈ ಸಿಗುವ ಮೊದಲೇ ₹1,57,000. ಹುಡುಗಿಯ ಮೂರೂವರೆ ತಿಂಗಳ ದುಡಿಮೆ. ಹೇಗೋ ಹೊಂದಿಸೋಣವೆಂದು ಮಾಲೀಕರಿಗೆ ಫೋನು ಮಾಡಿದರೆ ಅತ್ತಲಿಂದ ಬಂದದ್ದು ನಮ್ಮದೇ ಕನ್ನಡ! ಉಡುಪಿಯ ಕಡೆಯವರು. ಊರಿನ ಮಳೆ, ಕಾಟುಮಾವಿನ ಗೊಜ್ಜು ಎಲ್ಲ ಮಾತಾಡಿದರು. ಕೊನೆಗೆ, “ಒಂಟಿ ಹುಡುಗಿಗೆ ಕೊಡುವುದಿಲ್ಲ, ಸಂಸಾರಸ್ಥರಿಗೆ ಮಾತ್ರ” ಎಂದರು. ಎರಡು ವರ್ಷದಿಂದ ಖಾಲಿಯಿದೆಯಲ್ಲ ಎಂದೆ. “ಇರಲಿ ಬಿಡಿ, ಬೆಲೆ ಏರುತ್ತಲೇ ಇದೆಯಲ್ಲ” ಎಂದರು.

ಆ ಮನುಷ್ಯ ಕೆಟ್ಟವರಲ್ಲ. ಅವರ ಕೈಯಲ್ಲಿರುವುದು ಮನೆಯಲ್ಲ, ಕಪಾಟಿನಲ್ಲಿಟ್ಟ ಚಿನ್ನ. ಆ ಫ್ಲಾಟಿನ ಬೆಲೆ ₹85 ಲಕ್ಷ. ವರ್ಷಕ್ಕೆ ಬರಬಹುದಾದ ಬಾಡಿಗೆ ₹3,12,000, ಅಂದರೆ ಶೇಕಡಾ 3.7ಕ್ಕೂ ಕಡಿಮೆ, ನಿರ್ವಹಣಾ ವೆಚ್ಚ ಕಳೆದರೆ ಇನ್ನೂ ಕೆಳಗೆ. ಬ್ಯಾಂಕಿನ ಮುದ್ದತು ಠೇವಣಿಯೇ ಇದಕ್ಕಿಂತ ಲೇಸು. ಬಾಡಿಗೆಗಾಗಿ ಯಾವ ಬುದ್ಧಿವಂತನೂ ಇಲ್ಲಿ ಮನೆ ಕೊಳ್ಳುವುದಿಲ್ಲ, ಯಾವ ಬಿಲ್ಡರನೂ ಕಟ್ಟುವುದಿಲ್ಲ. ಬಾಡಿಗೆದಾರನಿಗೆ ದಕ್ಕುವುದು ಹೂಡಿಕೆದಾರನ ಎಂಜಲು. ಅವನು ಹನ್ನೊಂದು ತಿಂಗಳ ಕರಾರಿನ ಮೇಲೆ, ತಾನೇ ದುಡ್ಡು ತೆತ್ತು, ಇನ್ನೊಬ್ಬರ ಆಸ್ತಿ ಕಾಯುವ ಕಾವಲುಗಾರ.

ಇನ್ನು ನಮ್ಮ ಹಿರಿಯರ ಹುಣಸೆಹಣ್ಣು. ₹85 ಲಕ್ಷಕ್ಕೆ ಐದನೆಯ ಒಂದು ಪಾಲು, ಎಂದರೆ ₹17 ಲಕ್ಷ, ಮೊದಲೇ ಕೈಯಿಂದ ಹಾಕಬೇಕು. ಉಳಿದ ₹68 ಲಕ್ಷಕ್ಕೆ ಶೇಕಡಾ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಕಂತು ತಿಂಗಳಿಗೆ ಸುಮಾರು ₹59,000. ₹45,000 ಸಂಬಳದವಳಿಗೆ “ಅದೇ ಹಣವನ್ನು ಕಂತಿಗೆ ಕಟ್ಟು” ಎನ್ನುವವರು ಯಾವ ಹಣದ ಮಾತಾಡುತ್ತಿದ್ದಾರೆ? ಅವರು ಡೊಂಬಿವಲಿಯಲ್ಲಿ ಮನೆ ಕೊಂಡ ಕಾಲದಲ್ಲಿ ಬಾಡಿಗೆ ಮತ್ತು ಕಂತಿನ ನಡುವೆ ಗೇಣು ಅಂತರವಿತ್ತು. ಈಗ ಅದು ಹೊಳೆಯ ಎರಡು ದಡ.

ಈ ಊರು ಒಂದು ಕಾಲದಲ್ಲಿ ಬಾಡಿಗೆಗೆಂದೇ ಕಟ್ಟುತ್ತಿತ್ತು. 1896ರ ಪ್ಲೇಗಿನ ಬಳಿಕ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು, 1920ರ ದಶಕದ ಬಿಡಿಡಿ ಚಾಳುಗಳು, ಗಿರಣಿಗಳ ಚಾಳುಗಳು, ಎಲ್ಲವೂ ಬಾಡಿಗೆಯ ಮನೆಗಳೇ. ಹೋಟೆಲಿನ ಮೇಜಿನ ಮೇಲೆ ಮಲಗಿ, ರಾತ್ರಿಶಾಲೆಯಲ್ಲಿ ಕಲಿತ ನಮ್ಮವರು ಹೆಂಡತಿ-ಮಕ್ಕಳನ್ನು ಊರಿಂದ ಕರೆಸಿಕೊಂಡದ್ದು ಚಾಳಿನ ಕೋಣೆಗಳಿಗೆ. ಬಿಡಿಡಿ ಚಾಳಿನ 160 ಚದರಡಿಯ ಕೋಣೆ, ಸಾಲಿಗೊಂದು ಸಂಡಾಸು ವೈಭವವೇನಲ್ಲ. ಆದರೆ ಆ ಕೋಣೆ ಕಟ್ಟಿದ್ದು ಅದರಲ್ಲಿ ಇರುವವರಿಗಾಗಿ.

ಆಮೇಲೆ 1947ರ ಬಾಡಿಗೆ ಕಾಯಿದೆ ಬಂತು. ಅದು ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ನನ್ನ ವಾದಕ್ಕೆ ಅನನುಕೂಲವಾದರೂ ಒಪ್ಪಿಕೊಳ್ಳುತ್ತೇನೆ: ಯುದ್ಧಕಾಲದ ಔಷಧವನ್ನು ಅರ್ಧ ಶತಮಾನ ಕುಡಿಸಿದ ಫಲವಾಗಿ ಮಾಲೀಕರು ದುರಸ್ತಿ ನಿಲ್ಲಿಸಿದರು, ಪಗಡಿ ಬೆಳೆಯಿತು, ಮಳೆಗಾಲಕ್ಕೊಂದು ಕಟ್ಟಡ ಕುಸಿಯಿತು. 1999ರಲ್ಲಿ ಹೊಸ ಕಾಯಿದೆಯಾಗುವ ಹೊತ್ತಿಗೆ ಬಾಡಿಗೆಗೆ ಕಟ್ಟುವ ಕಸುಬೇ ಸತ್ತಿತ್ತು. ಆದರೆ ಇದನ್ನೇ ನೆಪಮಾಡಿ “ಮಾರುಕಟ್ಟೆಗೆ ಬಿಟ್ಟುಬಿಡಿ” ಎನ್ನುವವರು ಆ ಕತ್ತಲೆಯ ಕಿಟಕಿಗಳನ್ನು ನೋಡಲಿ. 2011ರ ಜನಗಣತಿಯ ಪ್ರಕಾರ ಮುಂಬಯಿಯಲ್ಲಿ 4.8 ಲಕ್ಷ ಮನೆಗಳು ಖಾಲಿಯಿದ್ದವು; ದೇಶದ ಬೇರಾವ ನಗರದಲ್ಲೂ ಅಷ್ಟಿರಲಿಲ್ಲ. ಭಾರತದ ನಗರಗಳಲ್ಲಿ ಬಾಡಿಗೆ ಮನೆಗಳ ಪಾಲು 1961ರಲ್ಲಿ ಶೇಕಡಾ 54 ಇದ್ದದ್ದು 2011ಕ್ಕೆ 28ಕ್ಕೆ ಇಳಿದಿದೆಯೆಂದು ಕೇಂದ್ರದ 2017-18ರ ಆರ್ಥಿಕ ಸಮೀಕ್ಷೆಯೇ ಹೇಳಿತು.

ಸರಕಾರಕ್ಕೆ ಇದು ತಿಳಿಯದ್ದಲ್ಲ. 2008ರಲ್ಲಿ ಎಮ್‌ಎಮ್‌ಆರ್‌ಡಿಎ ಬಾಡಿಗೆ ಮನೆಗಳ ಯೋಜನೆ ತಂದಿತು: ಬಿಲ್ಡರನಿಗೆ ಹೆಚ್ಚುವರಿ ಕಟ್ಟುವ ಹಕ್ಕು, ಅದಕ್ಕೆ ಬದಲಾಗಿ ಅವನು 160 ಚದರಡಿಯ ಬಾಡಿಗೆ ಮನೆಗಳನ್ನು ಕಟ್ಟಿಕೊಡಬೇಕು. ಕೆಲವೇ ವರ್ಷಗಳಲ್ಲಿ ಅದೂ ಮಾರುವ ಮನೆಗಳ ಯೋಜನೆಯಾಗಿ ಮಾರ್ಪಟ್ಟಿತು. ಮ್ಹಾಡಾ ಲಾಟರಿ ಎತ್ತುತ್ತದೆ, ಅದೂ ಮಾರಾಟಕ್ಕೆ. 2021ರ ಮಾದರಿ ಬಾಡಿಗೆ ಕಾಯಿದೆ ಮನೆಯ ಠೇವಣಿ ಎರಡು ತಿಂಗಳ ಬಾಡಿಗೆ ಮೀರಬಾರದೆಂದಿದೆ. ಆದರೆ ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಅದಕ್ಕೆ ಬಲ. ಸಾರ್ವಜನಿಕ ಜಾಗದಲ್ಲಿ, ಎಂದಿಗೂ ಮಾರಬಾರದೆಂಬ ಷರತ್ತಿನೊಡನೆ, ನಿರ್ವಹಣೆಗೆ ಸಾಲುವಷ್ಟು ಬಾಡಿಗೆಗೆ ಮನೆ ಕಟ್ಟುವುದು ಮಾತ್ರ ಯಾರ ಕಾರ್ಯಸೂಚಿಯಲ್ಲೂ ಇಲ್ಲ. ಏಕೆಂದರೆ ಅದರಲ್ಲಿ ಬೆಲೆ ಏರುವ ಸುಖ ಯಾರಿಗೂ ಇಲ್ಲ.

ನಮ್ಮ ಸಂಘಗಳ ಬಗ್ಗೆಯೂ ಒಂದು ಮಾತು. ನಾಡಹಬ್ಬಕ್ಕೆ, ಯಕ್ಷಗಾನಕ್ಕೆ, ಸನ್ಮಾನಕ್ಕೆ ನಾವು ಹಣ ಕೂಡಿಸುತ್ತೇವೆ; ಒಳ್ಳೆಯದೇ. ನಮ್ಮಲ್ಲಿ ಎರಡನೆಯ, ಮೂರನೆಯ ಫ್ಲಾಟು ಬೀಗ ಹಾಕಿಟ್ಟವರು ಕಡಿಮೆಯಿಲ್ಲ; ವೇದಿಕೆಯ ಮುಂದಿನ ಸಾಲಿನಲ್ಲೇ ಇದ್ದಾರೆ. ಊರಿಂದ ಹೊಸತಾಗಿ ಬಂದ ಹುಡುಗ ಹುಡುಗಿಯರಿಗೆ ಮದುವೆ, ಜಾತಿ, ಮೀನಿನ ವಾಸನೆಗಳ ವಿಚಾರಣೆಯಿಲ್ಲದೆ ಅವುಗಳಲ್ಲಿ ಹತ್ತನ್ನು ಸಂಘದ ಜವಾಬ್ದಾರಿಯ ಮೇಲೆ ಬಾಡಿಗೆಗೆ ಕೊಡೋಣವೆಂದು ಆ ಕೂಟದಲ್ಲಿ ನಾನು ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನದರಲ್ಲಿ ಹೇಳುತ್ತೇನೆ.

ತಂಗಿಯ ಮಗಳು ಸದ್ಯ ಕಳವೆಯ ಹಳೆಯ ಕಟ್ಟಡವೊಂದರಲ್ಲಿ ಇನ್ನಿಬ್ಬರೊಡನೆ ಕೋಣೆ ಹಂಚಿಕೊಂಡಿದ್ದಾಳೆ. ಸೂರು ನೋಡಿಬಂದೆ, ಮೂಲೆಯಲ್ಲಿ ತೇವವಿದೆ, ಬಿರುಕು ಇನ್ನೂ ಬಿಟ್ಟಿಲ್ಲ.