ರೆಕ್ಕೆಯ ಒಳಮೈ

ನನ್ನ ಬಾಲ್ಯದಲ್ಲಿ ಕಮಲಾಪುರಕ್ಕೆ ವರ್ಷಕ್ಕೊಮ್ಮೆ ಕಲಾಯಿಗಾರನೊಬ್ಬ ಬರುತ್ತಿದ್ದ. ಬೇವಿನ ಮರದ ಕೆಳಗೆ ಕುಲುಮೆ ಹೂಡಿ, ತಿದಿಯೊತ್ತಿ, ಮನೆಮನೆಯ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಬೆಳ್ಳಿಯ ಹೊಳಪು ಕೊಡುತ್ತಿದ್ದ. ಕಾದ ಪಾತ್ರೆಗೆ ತವರ ಸವರುವುದು ಕ್ಷಣಮಾತ್ರದ ಕೆಲಸ. ಅದಕ್ಕೆ ಮೊದಲು ಪಾತ್ರೆಯನ್ನು ಉಜ್ಜಿ ಕೊಳೆ ತೆಗೆಯುವುದಕ್ಕೇ ಅವನ ಹೆಚ್ಚಿನ ಹೊತ್ತು ಸಲ್ಲುತ್ತಿತ್ತು. ಕಾದು ಬೇಸತ್ತ ನಾವು ಕಾರಣ ಕೇಳಿದರೆ, "ಕೊಳಿ ಮ್ಯಾಲೆ ತವರ ನಿಲ್ಲಂಗಿಲ್ಲ, ತಮ್ಮಾ" ಎನ್ನುತ್ತಿದ್ದ.

ಈ ಮಾತು ವಿಮಾನಕ್ಕೂ ಸಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 2019ರ ನವೆಂಬರ್ 22ರಂದು ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಆ ಬಳಿಕ ನನ್ನ ಮೊಮ್ಮಗ ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ, ಮನೆಯಲ್ಲಿಯೇ ವಿಮಾನ ಕಟ್ಟುವವರ ವಿಷಯ ನನ್ನ ಗಮನಕ್ಕೆ ಬಂದಿತು. ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆ ಒದಗಿಸಿದ ಬಿಡಿಭಾಗಗಳಿಂದ ಹವ್ಯಾಸಿಗಳು ಕಟ್ಟಿದ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ 'ಎಕ್ಸ್-ಏರ್' ಎಂಬ ಹಗುರ ವಿಮಾನವೂ ಬಿಡಿಭಾಗಗಳಾಗಿ ಹೊರದೇಶಗಳಿಗೆ ಹೋಗಿದೆ. ಅದರ ರೆಕ್ಕೆಗಳಿಗೆ ಬಟ್ಟೆಯ ಹೊದಿಕೆ. ವ್ಯಾನ್ಸ್ ವಿಮಾನಗಳ ರೆಕ್ಕೆಗಳಿಗೆ ಲೋಹದ ಹೊದಿಕೆ.

ಲೋಹದ ರೆಕ್ಕೆಯೊಳಗೆ ಉದ್ದಕ್ಕೆ ತೊಲೆಯೂ ಅಡ್ಡಕ್ಕೆ ಪಕ್ಕೆಲುಬುಗಳೂ ಇರುತ್ತವೆ. ಅವುಗಳ ಮೇಲೆ ಅಲ್ಯೂಮಿನಿಯಂ ಮಿಶ್ರಲೋಹದ ತೆಳುವಾದ ತಗಡನ್ನು ಹೊದಿಸಿ, ರಿವೆಟ್ ಮೊಳೆಗಳಿಂದ ಬಿಗಿಯುತ್ತಾರೆ. ಆದರೆ ಕಾರ್ಖಾನೆಯಿಂದ ಬಂದ ಭಾಗಗಳನ್ನು ಬಂದಂತೆಯೇ ಜೋಡಿಸುವಂತಿಲ್ಲ. ಪ್ರತಿಯೊಂದು ಅಂಚನ್ನೂ ಅರದಿಂದ ತೀಡಿ, ಉಜ್ಜುಕಾಗದದಿಂದ ನುಣುಪುಗೊಳಿಸಬೇಕು. ಪ್ರತಿಯೊಂದು ರಂಧ್ರದ ಬಾಯಲ್ಲಿ ಉಳಿದ ಲೋಹದ ಸಿಬಿರನ್ನು ಕೆರೆದು ತೆಗೆಯಬೇಕು. ಅತಿಯಾಗಿ ಕೆರೆದರೆ ರಂಧ್ರವೇ ಕೆಡುತ್ತದೆ. ಆಮೇಲೆ ಜಿಡ್ಡು ಕಳೆದು, ಕಿಲುಬು ಹಿಡಿಯದಂತೆ ಬೇಕಾದೆಡೆ ಪ್ರೈಮರ್ ಎಂಬ ಅಸ್ತರು ಬಣ್ಣವನ್ನು ಬಳಿಯಬೇಕು. ಒಂದೆರಡಲ್ಲ, ಸಾವಿರಾರು ರಂಧ್ರಗಳು! ತಗಡು ಮುಚ್ಚಿದ ಮೇಲೆ ಈ ಶ್ರಮದ ಬಹುಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟು ಸಣ್ಣ ಸಿಬಿರಿಗೆ ಇಷ್ಟೇಕೆ ಅಂಜಬೇಕು? ಬಟ್ಟೆಯ ವ್ಯಾಪಾರಿಯನ್ನು ನೋಡಿರಿ. ಗಟ್ಟಿಯಾದ ಬಟ್ಟೆಯನ್ನು ಬರಿಗೈಯಿಂದ ಹರಿಯಲು ಅವನಿಂದಲೂ ಆಗದು. ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಕೊಟ್ಟರೆ ಅದು ಸರ್ರನೆ ಹರಿಯುತ್ತದೆ. ಹಾರಾಟದಲ್ಲಿ ರೆಕ್ಕೆ ಮತ್ತೆ ಮತ್ತೆ ಬಾಗುತ್ತದೆ. ಆಗ ಒರಟಾದ ಅಂಚಿನಲ್ಲಿ ಒತ್ತಡ ಒಟ್ಟುಗೂಡಿ, ಕೂದಲೆಳೆಯಂಥ ಬಿರುಕು ಹುಟ್ಟಿ, ಮೆಲ್ಲಮೆಲ್ಲನೆ ಬೆಳೆಯುತ್ತದೆ. 1954ರಲ್ಲಿ ಎರಡು 'ಕಾಮೆಟ್' ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು, ಅವುಗಳಲ್ಲಿದ್ದವರೆಲ್ಲರೂ ಮಡಿದರು. ಅಲ್ಲಿನ ದೋಷ ಕೈಗೆಲಸದ್ದಷ್ಟೇ ಅಲ್ಲ, ವಿನ್ಯಾಸದ್ದೂ ಆಗಿತ್ತು. ಆದರೂ ಬೃಹತ್ ವಿಮಾನವನ್ನು ಕೆಡಹುವ ಬಿರುಕು ಒಂದು ಸಣ್ಣ ರಂಧ್ರದ ಬಳಿ ಹುಟ್ಟಬಹುದೆಂಬುದನ್ನು ಆ ದುರಂತವು ಜಗತ್ತಿಗೆ ಕಲಿಸಿತು.

ಉಜ್ಜುವ, ತೊಳೆಯುವ ಕೆಲಸವನ್ನು ನಾವು ಕೀಳೆಂದು ಬಗೆಯುತ್ತೇವೆ. ಹಾರಿಸುವವನನ್ನು ಕೊಂಡಾಡುತ್ತೇವೆ, ಅರ ಹಿಡಿದವನನ್ನು ಮರೆಯುತ್ತೇವೆ. ಇದು ಸರಿಯಲ್ಲ. ಮನೆಯಲ್ಲಿ ವಿಮಾನ ಕಟ್ಟುವವನಿಗೆ ಈ ತಪ್ಪು ಬಹುಬೇಗ ತಿಳಿಯುತ್ತದೆ. ಏಕೆಂದರೆ ಅರ ಹಿಡಿಯುವವನೂ ಹಾರುವವನೂ ಅವನೇ. ಇಂಥ ವಿಮಾನ ಹಾರಬೇಕಾದರೆ ಸರ್ಕಾರದ ಅನುಮತಿ ಬೇಕು, ತಪಾಸಣೆಯೂ ಉಂಟು. ಆದರೆ ಪ್ರತಿಯೊಂದು ರಂಧ್ರದ ಬಳಿಯೂ ತಪಾಸಣಾಧಿಕಾರಿ ನಿಲ್ಲಲಾರ. ಅಲ್ಲಿ ನಿಲ್ಲಬೇಕಾದದ್ದು ಮಾಡುವವನ ಮನಸ್ಸಾಕ್ಷಿಯೇ.

ಶಿಕ್ಷಕನಾಗಿದ್ದಾಗ ನಾನೂ, "ಇದು ಪರೀಕ್ಷೆಗೆ ಬರುವುದಿಲ್ಲ, ಬಿಡಿ" ಎಂದು ಎಷ್ಟೋ ಪಾಠಗಳನ್ನು ದಾಟಿಸಿದ್ದುಂಟು. ನೋಡುವವರಿಲ್ಲದಿದ್ದರೆ ಮಾಡಬೇಕಾಗಿಲ್ಲ ಎಂಬುದನ್ನೇ ಹಾಗೆ ಮಕ್ಕಳಿಗೆ ಕಲಿಸಿದೆನಲ್ಲ ಎಂದು ಈಗ ನೋಯುತ್ತೇನೆ. ಆ ಕಲಾಯಿಗಾರ ನನಗಿಂತ ಒಳ್ಳೆಯ ಗುರು. ಅವನು ಉಜ್ಜಿದ್ದೆಲ್ಲ ತವರದ ಕೆಳಗೆ ಮರೆಯಾಯಿತು. ಆದರೆ ವರ್ಷವಿಡೀ ನಾವು ಅಂಜಿಕೆಯಿಲ್ಲದೆ ಉಂಡದ್ದು ಅದರ ಬಲದಿಂದಲೇ.